ಮೊಮ್ಮಗಳು ಬರೆದ ಹೊಟ್ಟಿಕಿಚ್ಚು

ಮನ್ಯಾಗ ಚಿತ್ರ ಬರಿಯೋರು ಒಬ್ಬರಿದ್ರ ಸಾಕು, ನಗಿ ತಾನಽ ಬಾಗಿಲಿಗೆ ಬರ್ತದ. ಮಾನ್ವಿ ಊರಾಗಿನ ನಮ್ಮ ಮನ್ಯಾಗ ಬರಿಯಾಕಿ ನನ್ನ ಮೊಮ್ಮಗಳು. ಗಿಡ, ಗುಡಿ, ಗಿಳಿ ಬರಿಯಾಕಿ ಅಲ್ಲ, ಮನಸ್ಸಿನಾಗಿಂದು ಬರೀತಾಳ. ಅರ್ಧ ಮನಷಾ, ಅರ್ಧ ಬರೇ ಬಣ್ಣ. ಅಕ್ಕಿ ಗಿರಣಿ ನಡಸೋ ನನ್ನ ಮಗಗ, ಅಂದ್ರ ಅಕಿ ಅಪ್ಪಗ, ಇದು ಸೇರಂಗಿಲ್ಲ.

"ರಾಯಚೂರಾಗ ಪ್ರದರ್ಶನ ಇಡ್ತೀಯಲ್ಲ, ಅಲ್ಲಿ ಒಬ್ಬರಾದ್ರೂ 'ತಿಳೀತು' ಅಂದ್ರ ಬರ್ಕೋತ ಇರು. ಇಲ್ಲಂದ್ರ ಸುಮ್ನ ಬಿ.ಎಡ್. ಸೇರು" ಅಂದ.

ಹುಡುಗಿ ಒಪ್ಪಿದ್ಲು. ಅವತ್ತಿಂದ ಅಕಿ ಊಟ ಬಿಟ್ಲು, ನಾ ನಗಾಕ ಹತ್ತಿದೆ.

ಜೀರಿಗಿ ಮಜ್ಜಿಗಿ

ಪಕ್ಕದ ಮನಿಯಾಕಿ ಹೆಪ್ಪಿಗೆ ಮೊಸರು ಕೇಳಾಕ ಬಂದು ಪಡಸಾಲ್ಯಾಗ ನಿಂತ್ಲು. ಗ್ವಾಡಿಗೆ ಒಂದು ಚಿತ್ರ ಆನಿಸಿಟ್ಟಿತ್ತು: ಹೆಣ್ಣಿನ ಮೈ, ಅದರ ನಡುವ ಕೆಂಪು-ಹಳದಿ ಉರಿ.

"ಏನವ್ವಾ ಇದು?"

"ಹೊಟ್ಟಿಕಿಚ್ಚು ದೊಡ್ಡವ್ವಾ" ಅಂದ್ಲು ಮೊಮ್ಮಗಳು.

"ಅಯ್ಯ ಪಾಪ! ಮಿರ್ಚಿ ತಿಂದ್ರ ನನಗೂ ಹಿಂಗಽ ಆಗ್ತದ. ಜೀರಿಗಿ ಹಾಕಿ ಮಜ್ಜಿಗಿ ಕುಡಿ ಅಂತ ಹೇಳು ಅಕಿಗೆ."

ನನ್ನ ದುಃಖ

"ದುಃಖ ಬರೀಬೇಕು, ಕೂಡು ಯವ್ವಾ" ಅಂತ ಒಂದಿನ ಮೊಮ್ಮಗಳು ನನ್ನಽ ಕೂಡಿಸಿದ್ಲು. ಮಾರಿ ಸಣ್ಣ ಮಾಡು ಅಂದ್ಲು, ನಗಿ ಬಂತು. "ಅಜ್ಜನ್ನ ನೆನಸ್ಕೋ" ಅಂದ್ಲು. ನೆನಸ್ಕೊಂಡೆ. ಕನ್ಯಾ ನೋಡಾಕ ಬಂದಾಗ ಆ ಮನಷಾ ನಮ್ಮಪ್ಪನ ಎದುರು ಎಮ್ಮಿ ಸಗಣಿ ಮ್ಯಾಲ ಜಾರಿ ಬಿದ್ದಿದ್ದು ನೆನಪಾಗಿ ಮತ್ತಷ್ಟು ನಕ್ಕೆ. ಕಡೀಗೆ ಉಳ್ಳಾಗಡ್ಡಿ ಹೆಚ್ಚಿ ಹೆಚ್ಚಿ ಕಣ್ಣಾಗ ನೀರು ತರಿಸಿದ್ಲು. ಮೂರು ತಾಸಾದ ಮ್ಯಾಲ ನೋಡಿದ್ರ ಬರೇ ನೀಲಿ, ಮೂಲ್ಯಾಗ ಒಂದು ಸೆರಗಿನ ಅಂಚು.

"ನಾ ಎಲ್ಲಿದೀನಿ?"

"ಇದು ನಿನ್ನ ದುಃಖ ಯವ್ವಾ, ನೀನಲ್ಲ."

"ಹಂಗಾರ ದುಃಖ ಒಂದಽ ಕೂಡಿಸಿ ನನಗ ಅಡಿಗಿ ಮಾಡಾಕ ಬಿಡಬೇಕಿತ್ತು. ಈಗ ಸಾರಿಗೆ ಉಳ್ಳಾಗಡ್ಡೀನೂ ಇಲ್ಲ!"

ಹೆಣ್ಣೋ ಗಂಡೋ

ಪ್ರದರ್ಶನದ ದೊಡ್ಡ ಚಿತ್ರಕ್ಕ ಚೌಕಟ್ಟು ಹಾಕ್ಸಾಕ ನನ್ನ ತವರು ದೇವದುರ್ಗಕ್ಕ ಹೋಗಿದ್ವಿ. ಅಲ್ಲಿ ಗುರ್ತಿನ ಬಡಿಗ ಅದಾನ. ಅಲ್ಲಿಂದ ರಾಯಚೂರು ಬಸ್ ಹತ್ತಿ, ಚಿತ್ರಾನ ನಮ್ಮ ಬಾಜು ಸೀಟಿನಾಗ ಕೂಡಿಸಿದ್ವಿ. ಕಂಡಕ್ಟರ್ ಬಂದ.

"ಇದಕ್ಕ ಟಿಕೆಟ್ ಆಗ್ತದ. ಸೀಟು ಹಿಡದದ."

"ಹೆಣ್ಮಕ್ಕಳಿಗೆ ಪುಕ್ಕಟ ಅಲ್ಲೇನಪ್ಪಾ?" ಅಂದೆ ನಾ.

"ಇದು ಹೆಣ್ಣಽ ಅಂತ ಏನು ಗ್ಯಾರಂಟಿ ಯವ್ವಾ?"

ಸುತ್ತಿದ ಕಾಗದ ಬಿಚ್ಚಿದೆ: ಕುಂತ ಒಂದು ಮೈ, ಮಾರಿ ಇದ್ದಲ್ಲಿ ಬರೇ ಬಣ್ಣ. ಬಸ್ಸಿಗೆ ಬಸ್ಸಽ ಬಗ್ಗಿ ನೋಡ್ತು. ಒಬ್ಬ "ತಲಿ ಮ್ಯಾಲ ಸೆರಗದ, ಹೆಣ್ಣು" ಅಂದ. ಮತ್ತೊಬ್ಬ "ಅದು ರುಮಾಲಲೇ, ಗಂಡು" ಅಂದ. ಕಂಡಕ್ಟರ್ ಮೊಮ್ಮಗಳ ಕಡೆ ತಿರುಗಿದ: "ಬರದಾಕಿ ನೀನಽ ಹೇಳವ್ವಾ, ಏನು ಮಾಡಾಕತ್ತದ ಇದು?"

"ಕಾಯಾಕತ್ತದ್ರಿ."

ಹಿಂದಿನ ಸೀಟಿನಾಗ ಕೂಸು ಎತ್ಕೊಂಡು ಕುಂತಾಕಿ ಅಂದ್ಲು: "ಕಾಯಾಕತ್ತದ ಅಂದಮ್ಯಾಲ ಹೆಣ್ಣಽ. ಪುಕ್ಕಟ ಬಿಡ್ರಿ."

ಮೂಗು

ಪ್ರದರ್ಶನಕ್ಕ ಜನ ಬಂದ್ರು, ನೋಡಿದ್ರು, "ಬಣ್ಣ ಚಂದ ಅದಾವ" ಅಂದು ಹೋದ್ರು. 'ತಿಳೀತು' ಅಂತ ಒಬ್ಬರೂ ಅನ್ನಲಿಲ್ಲ. ಹುಡುಗಿ ಮಾರಿ ಬಾಡ್ತು. ಸಂಜಿಗೆ ನನ್ನ ಮಗ, ಸಿರವಾರದ ಒಬ್ಬ ಭತ್ತದ ವ್ಯಾಪಾರಿ ಜೋಡಿ ಬಂದ. ಕೈ ಹಿಂದ ಕಟ್ಕೊಂಡು ಒಂದೊಂದಕ್ಕೂ "ತಿಳೀಲಿಲ್ಲ… ಇದೂ ತಿಳೀಲಿಲ್ಲ" ಅನಕೋತ ನಡದ.

ಕಟ್ಟಕಡೀ ಚಿತ್ರ 'ಸಿಟ್ಟು'. ಎಲ್ಲಾ ಕೆಂಪು, ನಡುವ ಒಂದು ಮೂಗು ಅಷ್ಟಽ.

ವ್ಯಾಪಾರಿ ಚಿತ್ರ ನೋಡಿದ, ನನ್ನ ಮಗನ್ನ ನೋಡಿದ. "ಸಾವ್ಕಾರ್ರ, ಇದು ನಿಮ್ಮ ಮೂಗು ಅಲ್ಲೇನ್ರೀ?"

"ಯಾರ ಮೂಗಲೇ!" ಅಂತ ನನ್ನ ಮಗ ಒದರಿದ. ಮೂಗಿನ ತುದಿ ಥೇಟ್ ಚಿತ್ರದಾಗಿನಂಗ ಕೆಂಪಾತು. ಎಲ್ಲಾರೂ ಚಿತ್ರಾನೊಮ್ಮೆ ಇವನನ್ನೊಮ್ಮೆ ನೋಡಿ ಕಿಸಕ್ ಅಂದ್ರು.

"ಏನ್ ನಗ್ತೀರಿ? ನಾ ಏನು ದಡ್ಡ ಅದೀನೇನು? ನನ್ನ ಸಿಟ್ಟಽ ಬರದಾಳ ಅಂತ ಚಂದಾಗಿ ತಿಳೀತು!"

"ಯಪ್ಪಾ!" ಮೊಮ್ಮಗಳು ಕುಣದಾಡಿದ್ಲು. "ತಿಳೀತು ಅಂದಿ! ನೀನಽ ಅಂದಿ!"

ನನ್ನ ಮಗ ಮಾತಿಗೆ ತಪ್ಪೋ ಮನಷಾ ಅಲ್ಲ. ಕಿಸೆದಾಗ ಇಟ್ಕೊಂಡು ಬಂದಿದ್ದ ಬಿ.ಎಡ್. ಅರ್ಜಿ ತಗದು ಅಕಿ ಕೈಯಾಗ ಇಟ್ಟ: "ತಗೋ, ಹಿಂದ ಖಾಲಿ ಅದ. ಏನರ ಬರ್ಕೋ."

ಆಮ್ಯಾಲ ನನ್ನ ಕಡೆ ವಾಲಿ, ಸಣ್ಣ ದನಿಲೆ ಕೇಳಿದ: "ಯವ್ವಾ, ಖರೇ ಹೇಳು. ನನ್ನ ಮೂಗು ಅಷ್ಟು ದೊಡ್ಡದದ ಏನು?"

"ಇಲ್ಲಪ್ಪಾ," ಅಂದೆ. "ಅಪ್ಪ ಅಂತ ಅಕಿ ಸ್ವಲ್ಪ ಸಣ್ಣದು ಮಾಡಿ ಬರದಾಳ."