ಹತ್ತು ಎಣಿಸಿದ ಗುಮಾಸ್ತರು

"ಆ ದೇಶದ ಬಗ್ಗೆ ನಾನು ಓದಿದ್ದೀನಿ" ಎಂದು ಬೀಗದ ಕಾರ್ಖಾನೆಯ ಸ್ಟೋರ್ ಗುಮಾಸ್ತರು ಬೆಳಿಗ್ಗೆ ಎಂಟೂವರೆಗೆ ಹೇಳಿಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಅವರಿಗೂ ಗೊತ್ತಿತ್ತು. ಗಾದೆ ಬಲ್ಲವರೇ ಹೆಚ್ಚು ಎಡವುವುದು.

ಕಾರ್ಖಾನೆಯನ್ನು ದೂರದೇಶದ ಒಬ್ಬ ಹಿರಿಯ ಹೆಂಗಸು ಕೊಂಡಿದ್ದರು. ಅಂದು ಹತ್ತು ಗಂಟೆಗೆ ನೋಡಲು ಬರುವವರಿದ್ದರು. ಹೋಗುವ ಮುಂಚೆ ಯಾರಾದರೂ ಒಬ್ಬರನ್ನು ಮನೆಗೆ ಕಳಿಸುತ್ತಾರೆ ಎಂಬ ಸುದ್ದಿ ವಾರದಿಂದ ಓಡಾಡುತ್ತಿತ್ತು. ಆ ಒಬ್ಬರು ಯಾರೆಂದು ಗುಮಾಸ್ತರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸ್ಟೋರಿಗೆ ಬೀಗ ಎಣಿಸುವ ಯಂತ್ರ ಬಂದು ತಿಂಗಳಾಗಿತ್ತು. ಇವರು ಕನ್ನಡಕ ಹುಡುಕುವಷ್ಟರಲ್ಲಿ ಅದು ಕೆಂಪು ಬೆಳಕು ಬಿಟ್ಟು ಇಡೀ ಕಪಾಟನ್ನೇ ಎಣಿಸಿ ಮುಗಿಸುತ್ತಿತ್ತು. ಪಿಂಚಣಿಗೆ ಇನ್ನೂ ಹದಿನಾಲ್ಕು ತಿಂಗಳು ಬಾಕಿ. ಅಷ್ಟರೊಳಗೆ ಕೆಲಸ ಹೋದರೆ ಪಿಂಚಣಿಯೂ ಇಲ್ಲ. ಅದಕ್ಕೇ ಹೆಂಡತಿ "ಇವತ್ತೊಂದು ದಿನ ತೆಪ್ಪಗಿದ್ದು ಬನ್ನಿ" ಎಂದು ಹೇಳಿ ಕಳಿಸಿದ್ದಳು.

"ಓದಿದ್ದೀರಾ? ಹಾಗಾದ್ರೆ ಹೇಳಿ, ಅವರ ಮುಂದೆ ನಾವು ಹೇಗಿರ್ಬೇಕು?" ಎಂದು ಫೋರ್‌ಮನ್ ಹಿಡಿದುಕೊಂಡ. ಸುತ್ತ ಜನ ಸೇರಿತು.

ಗುಮಾಸ್ತರು ಊಟದ ಬಿಡುವಿನಲ್ಲಿ ಪೆಟ್ಟಿಗೆಗಳ ಸಂದಿಯಲ್ಲಿ ಕೂತು ಆ ದೇಶದ ಬಗ್ಗೆ ಓದಿದ್ದು ನೂರು ವರ್ಷದ ಹಿಂದಿನ ಒಂದೇ ಒಂದು ಪುಸ್ತಕ. ಆದರೂ ಹೇಳಿದರು: "ಹಿರಿಯರು ಏನಾದ್ರೂ ಕೇಳಿದ್ರೆ ಥಟ್ ಅಂತ ಉತ್ತರ ಕೊಡ್ಬಾರ್ದು. ಮನಸ್ಸಲ್ಲೇ ಹತ್ತು ಎಣಿಸಿ ಆಮೇಲೆ ಬಾಯಿ ಬಿಡ್ಬೇಕು. ಅವರು ಕೂರೋ ತನಕ ನಾವು ಕೂರೋ ಹಾಗಿಲ್ಲ."

"ಎಣಿಸೋದು ಜೋರಾಗೋ, ಮೆಲ್ಲಗೋ?" ಎಂದರು ಟೈಪಿಸ್ಟ್ ಅಕ್ಕ.

"ಮನಸ್ಸಲ್ಲಿ ಅಂದೆನಲ್ಲಮ್ಮ."

ಹೊಸ ಯಜಮಾನಿ ಸಣ್ಣ ಆಳು. ಕೈಯಲ್ಲಿ ಒಂದು ಫೋನು. ಅವರು ತಮ್ಮ ಭಾಷೆಯಲ್ಲಿ ಮಾತಾಡಿದರೆ ಅದು ವಾರ್ತೆ ಓದುವವರ ಗಂಟಲಲ್ಲಿ ನಮ್ಮ ಭಾಷೆಯಲ್ಲಿ ಒಪ್ಪಿಸುತ್ತಿತ್ತು.

"ತಾವು ಎಷ್ಟು ವರ್ಷಗಳಿಂದ ಸೇವೆ ಸಲ್ಲಿಸುತ್ತಿದ್ದೀರಿ?" ಎಂದು ಫೋನು ಕೇಳಿತು.

ಫೋರ್‌ಮನ್ ಕಣ್ಣು ಮುಚ್ಚಿ ಎಣಿಸತೊಡಗಿದ. ಆರಕ್ಕೆ ಬಂದಿರಬೇಕು, ಫೋನು ಬೀಪ್ ಎಂದಿತು. "ಏನೂ ಕೇಳಿಸಲಿಲ್ಲ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ." ಹತ್ತಾದ ಮೇಲೆ ಅವನು "ಇಪ್ಪತ್ತೆರಡು" ಎಂದು ಗಟ್ಟಿಯಾಗಿಯೇ ಹೇಳಿದ. ಅಷ್ಟರಲ್ಲಿ ಫೋನು ಕಿವಿ ಮುಚ್ಚಿಕೊಂಡಾಗಿತ್ತು.

ಮುಂದಿನವರದೂ ಅದೇ ಪಾಡು. ಟೈಪಿಸ್ಟ್ ಅಕ್ಕ ಫೋನನ್ನು ಸೋಲಿಸಲೆಂದು ಓಡೋಡಿ ಎಣಿಸಿ, ಆ ಭರದಲ್ಲಿ ನಿಲ್ಲಲಾಗದೆ "ಹನ್ನೊಂದು" ಎಂದುಬಿಟ್ಟರು. ಯಜಮಾನಿ ಕೇಳಿದ್ದು ಹೆಸರು.

ಕೂರುವ ವಿಷಯ ಇನ್ನೂ ಕಷ್ಟವಾಯಿತು. ಇಲ್ಲಿ ಅತಿಥಿ ಮೊದಲು ಕೂರಬಾರದೆಂದು ಆಕೆಗೂ ಯಾರೋ ಪುಣ್ಯಾತ್ಮರು ಹೇಳಿದ್ದರು. ಇವರು ಕೂರಲಿ ಎಂದು ಅವರು, ಅವರು ಕೂರಲಿ ಎಂದು ಇವರು, ಹತ್ತೊಂಬತ್ತು ಕುರ್ಚಿ ಖಾಲಿ ಬಿಟ್ಟುಕೊಂಡು ಎರಡು ಗಂಟೆ ನಿಂತರು.

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನಿಮ್ಮದು ಬರೀ ಒಕ್ಕಾಲು" ಎಂದು ಫೋರ್‌ಮನ್ ಮಂಡಿ ನೀವಿಕೊಳ್ಳುತ್ತ ಪಿಸುಗುಟ್ಟಿದ. ಮ್ಯಾನೇಜರ್ ಗುಮಾಸ್ತರನ್ನೇ ದಿಟ್ಟಿಸಿ ನೋಡಿದರು. ಕೆಲಸ ಹೋಯಿತೆಂದೇ ಗುಮಾಸ್ತರು ತಿಳಿದರು.

ಆಗ ಯಜಮಾನಿಯ ಕಣ್ಣು ಒದ್ದೆಯಾಯಿತು. "ನನ್ನ ಅಜ್ಜಿ ಹೀಗೆಯೇ ಹತ್ತು ಎಣಿಸುತ್ತಿದ್ದರು" ಎಂದಿತು ಫೋನು. "ನಮ್ಮಲ್ಲಿ ಈಗ ಯಾರೂ ಎಣಿಸುವುದಿಲ್ಲ. ತಮಗೆ ಇದನ್ನು ಕಲಿಸಿದವರು ಯಾರು?"

ಈ ಸಲ ಯಾರೂ ಎಣಿಸಲಿಲ್ಲ. ಎಲ್ಲರ ಬೆರಳೂ ಗುಮಾಸ್ತರ ಕಡೆ ತಿರುಗಿತು.

"ಒಂದು ಹಳೇ ಪುಸ್ತಕ ಅಮ್ಮ" ಎಂದರು ಅವರು. "ಗೆದ್ದಲು ಬಿಟ್ಟಷ್ಟು ಓದಿದ್ದೀನಿ." ಮೂವತ್ತು ವರ್ಷ ಬೀಗಗಳ ಮಧ್ಯೆ ಕೂತು ಎಂದೂ ಕಾಣದ ಜನರ ಬಗ್ಗೆ ಓದಿದ್ದರು. ಏನು ಓದಿದಿರಿ ಎಂದು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಅವರಿಗೆ ಅಳು ಬಂತು. ಕೆಲಸ ಉಳಿಯಿತು ಎಂದೂ ಅನಿಸಿತು.

ಯಜಮಾನಿ ಫೋನಿಗೆ ಬಹಳ ಹೊತ್ತು ಮಾತಾಡಿದರು. ಫೋನು ಒಪ್ಪಿಸಿತು: "ಇಂತಹ ಓದುಗರನ್ನು ದುಡಿಸಿಕೊಳ್ಳುವುದು ನಮ್ಮಲ್ಲಿ ಯಜಮಾನರಿಗೆ ಅಪಕೀರ್ತಿ. ನಾಳೆಯಿಂದ ತಾವು ಬೀಗ ಎಣಿಸಕೂಡದು. ಅದಕ್ಕೆ ಯಂತ್ರವಿದೆ. ತಾವು ಮನೆಯಲ್ಲಿ ಕುಳಿತು ಓದಿರಿ."

"ಬೇಡಮ್ಮ, ನನಗೆ ಎಣಿಸೋದೇ ಇಷ್ಟ" ಎಂದರು ಗುಮಾಸ್ತರು. ಆಕೆ ತಲೆ ಬಾಗಿಸಿದರು.

"ಪಿಂಚಣಿಗೆ ಇನ್ನೂ ಹದಿನಾಲ್ಕು ತಿಂಗಳಿದೆ, ಬೇಡಮ್ಮ."

"ಹಣದ ಮಾತಾಡಿ ತಮ್ಮನ್ನು ಅವಮಾನಿಸಲಾರೆ" ಎಂದಿತು ಫೋನು.

"ಬೇಡ" ಎಂದರು ಗುಮಾಸ್ತರು ಮತ್ತೆ.

"ಮೂರು ಬಾರಿ ನಿರಾಕರಿಸಿದವರೇ ಈ ಗೌರವಕ್ಕೆ ಅರ್ಹರು. ಅದೇ ನಮ್ಮ ಪದ್ಧತಿ."

ಆ ಪುಟ ಗೆದ್ದಲಿನ ಹೊಟ್ಟೆ ಸೇರಿರಬೇಕು.

ಮೊದಲು ಚಪ್ಪಾಳೆ ತಟ್ಟಿದವರು ಮ್ಯಾನೇಜರ್. ಕಳಿಸಬೇಕಾಗಿದ್ದ ಒಬ್ಬರು ಜಗಳವಿಲ್ಲದೆ ಹೋಗುತ್ತಿದ್ದರಲ್ಲ. "ಪುಣ್ಯ ಮಾಡಿದ್ರಿ ಬಿಡಿ" ಎಂದು ಟೈಪಿಸ್ಟ್ ಅಕ್ಕ ಅವರ ಚೀಲ ತಂದುಕೊಟ್ಟರು. ಯಜಮಾನಿ ತಮ್ಮ ಭಾಷೆಯ ಒಂದು ದಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಪುಸ್ತಕವನ್ನು ನೆಟ್ಟಗೆ ಹಿಡಿದು ನೋಡಿದಳು, ತಲೆಕೆಳಗು ಮಾಡಿಯೂ ನೋಡಿದಳು.

"ಅಂದ್ರೆ ಕೆಲಸ ಹೋಯ್ತು."

"ಅಲ್ಲಿ ಇದಕ್ಕೆ ದೊಡ್ಡ ಮರ್ಯಾದೆ ಅಂತಾರೆ ಕಣೆ."

"ಇಲ್ಲಿ ಏನಂತಾರೆ?"

ಗುಮಾಸ್ತರು ಪುಸ್ತಕ ಇಸಿದುಕೊಂಡು, ಒಂದಕ್ಷರವೂ ಬಾರದ ಆ ಮೊದಲ ಪುಟವನ್ನು ತೆರೆದು ಕೂತರು.