ಬಂದುಬಿಡು ಎಂದದ್ದು ಯಾರಿಗೆ?

ಗಂಡ ಎದುರಿಗೇ ಕೂತು ತಿಂಡಿ ತಿನ್ನುತ್ತಿರುವಾಗ ಹೆಂಡತಿ ಒಲೆಯ ಮುಂದೆ ನಿಂತು, 'ಬಂದುಬಿಡು, ಬಾಗಿಲಿನ್ನೂ ತೆರೆದೇ ಇದೆ' ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಹಾಡಿದರೆ ಆ ಗಂಡ ಏನೆಂದು ತಿಳಿದುಕೊಳ್ಳಬೇಕು? ಹಲ್ಲಿನ ಡಾಕ್ಟರರಿಗೆ ಕೆಲವು ದಿನಗಳಿಂದ ಇದೇ ಯೋಚನೆ. ತಾವಂತೂ ಎಲ್ಲಿಗೂ ಹೋಗಿಲ್ಲ. ಕ್ಲಿನಿಕ್ಕು ಮನೆಯ ಕೆಳಗೇ ಇದೆ. ಊಟಕ್ಕೆ ಕರೆದರೆ ಕೈಗವಸು ಕಳಚುವಷ್ಟರಲ್ಲಿ ಮೇಲೆ ಹಾಜರು. ಹಾಗಾದರೆ ಬಂದುಬಿಡಬೇಕಾದ ಆ ಮಹಾನುಭಾವ ಯಾರು?

"ಇದೇನೇ ಇದು, ಬೆಳಗಾಗೆದ್ದು ಗೋಳು?" ಎಂದು ಕೊನೆಗೂ ಕೇಳಿಯೇಬಿಟ್ಟರು.

"ಗೋಳಲ್ಲ ರೀ, ಪವರ್ ಬ್ಯಾಲಡ್! ನಮ್ಮ ಹಾಡಿನ ಗುಂಪಿನ ಕಾರ್ಯಕ್ರಮಕ್ಕೆ. ಮೇಷ್ಟ್ರು ನನಗೇ ಕೊಟ್ಟಿದ್ದಾರೆ, ಒಬ್ಬಳಿಗೇ!"

"ಪವರ್ ಅಂದ್ರೆ? ಕನ್ನಡಕಕ್ಕಿರೋದಾ, ಕರೆಂಟಿಗಿರೋದಾ?"

ಹೆಂಡತಿ ಸೌಟನ್ನು ಮೈಕಿನಂತೆ ಹಿಡಿದು ವಿವರಿಸಿದಳು. ಮೊದಲು ಬರೀ ಪಿಯಾನೋ, ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ ಮೆತ್ತಗೆ ಶುರುವಾಗಬೇಕು. ಎರಡನೆಯ ಚರಣಕ್ಕೆ ಗಿಟಾರು ಬಂದು ಸೇರಬೇಕು. ಆಮೇಲೆ ಡ್ರಮ್ಮು ಧಡಾರನೆ ಬೀಳಬೇಕು. ಇನ್ನೇನು ಮುಗಿಯಿತು ಅನ್ನುವಾಗ ಎಲ್ಲ ವಾದ್ಯಗಳೂ ಒಮ್ಮೆಲೇ ಗಪ್‌ಚುಪ್! ಜನ ಉಸಿರು ಬಿಗಿಹಿಡಿದು ಕೂತಾಗ ಹಾಡುವವಳು ಮುಷ್ಟಿ ಕಟ್ಟಿ ಕೈಯೆತ್ತಿ, ಒಂದು ಶ್ರುತಿ ಮೇಲಕ್ಕೆ ಹೋಗಿ, ಎದೆ ಒಡೆಯುವಂತೆ ಕೂಗಬೇಕು.

"ಅಂದ್ರೆ ಮುಸುಮುಸು ಅಂತ ಶುರು ಮಾಡಿ ಬೀದಿಗೆಲ್ಲ ಕೇಳಿಸೋ ಹಾಗೆ ಮುಗಿಸೋದು," ಎಂದರು ಡಾಕ್ಟರು. "ನಮ್ಮಮ್ಮ ಅದನ್ನ ಯಾವ ಮೇಷ್ಟ್ರೂ ಇಲ್ಲದೆ ಮಾಡ್ತಾರೆ."

(ಪಕ್ಕದ ಕೋಣೆಯಿಂದ ತಾಯಿ ಕೆಮ್ಮಿದರು. ಅವರ ಕಿವಿ ಬಹಳ ಚುರುಕು.)

"ಬರೀ ಕೂಗಿದ್ರೆ ಆಗಲ್ಲ. ಕಳೆದುಹೋದ ಒಬ್ಬರನ್ನ ಮನಸ್ಸಲ್ಲಿ ಇಟ್ಕೊಂಡು ಹಾಡ್ಬೇಕಂತೆ. ಆಗಲೇ ಪವರ್ ಬರೋದು."

ಡಾಕ್ಟರರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ನೀನು ಯಾರನ್ನ ಇಟ್ಕೊಂಡಿದ್ದೀಯ?"

"ಅದನ್ನ ಹೇಳಿದ್ರೆ ಭಾವ ಹೊರಟುಹೋಗುತ್ತೆ," ಎಂದು ಆಕೆ ಒಲೆಯ ಕಡೆ ತಿರುಗಿದಳು. ಕತ್ತಿನ ಹಿಂಭಾಗ ಕೆಂಪಗಾಗಿತ್ತು. ಡಾಕ್ಟರರು ಅದನ್ನು ನೋಡಿದರು. ನೋಡಬಾರದಿತ್ತು.

ಅಂದಿನಿಂದ ಅವರ ಹೊಟ್ಟೆಯಲ್ಲಿ ಹೊತ್ತಿಕೊಂಡ ಕಿಚ್ಚು ಯಾವ ಮಾತ್ರೆಗೂ ಬಗ್ಗಲಿಲ್ಲ. ದಿನವಿಡೀ 'ಬಾಯಿ ದೊಡ್ಡದು ಮಾಡಿ' ಎಂದು ಜನರನ್ನು ಬೇಡಿಕೊಳ್ಳುವುದೇ ಅವರ ಕಸುಬು. ಮನೆಯಲ್ಲಿ ನೋಡಿದರೆ ಹೆಂಡತಿ ಇನ್ಯಾರಿಗೋ ಬಾಯಿ ಅಷ್ಟಗಲ ತೆರೆದು, ಬುದ್ಧಿಹಲ್ಲು ಕಾಣುವಂತೆ ಹಾಡುತ್ತಿದ್ದಾಳೆ! ಅನುಮಾನ ಮೊದಲು ಬಂದದ್ದು ಮೇಷ್ಟ್ರ ಮೇಲೆಯೇ. ಮೇಷ್ಟ್ರಿಗೆ ಹೆಗಲವರೆಗೆ ಇಳಿದ ಗುಂಗುರು ಕೂದಲು. ಡಾಕ್ಟರರ ತಲೆ ಅವರ ವಾಶ್‌ಬೇಸಿನ್ನಿನಷ್ಟೇ ನುಣುಪು. ಹಲ್ಲು ಕ್ಲೀನ್ ಮಾಡಿಸಲು ಬಂದ ಉದ್ದ ಕೂದಲಿನ ನಿರಪರಾಧಿಯೊಬ್ಬನಿಗೆ, "ಕೂದಲು ಬಿಟ್ಟರೆ ಒಸಡು ಸಡಿಲವಾಗುತ್ತೆ" ಎಂದು ವೈದ್ಯಶಾಸ್ತ್ರದಲ್ಲೇ ಇಲ್ಲದ ಸತ್ಯವನ್ನು ಬೋಧಿಸಿ ಕಳಿಸಿದರು.

ಕಾರ್ಯಕ್ರಮದ ಹಿಂದಿನ ದಿನ ಮೇಷ್ಟ್ರೇ ಕೆನ್ನೆ ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದರು. ಡಾಕ್ಟರರಿಗೆ ಜನ್ಮ ಸಾರ್ಥಕವಾದಂತಾಯಿತು. ಕುರ್ಚಿಯಲ್ಲಿ ಕೂರಿಸಿದರು, ದೀಪ ಇಳಿಸಿದರು, ಮರಗಟ್ಟಿಸುವ ಸೂಜಿಯನ್ನು ಕೊಂಚ ಧಾರಾಳವಾಗಿಯೇ ಚುಚ್ಚಿ, ಬಾಯಿ ತುಂಬ ಹತ್ತಿ ತುರುಕಿದರು. ಆಮೇಲೆ ಇಕ್ಕಳ ಕೈಗೆತ್ತಿಕೊಂಡು ತಣ್ಣಗೆ ಕೇಳಿದರು:

"ಮೇಷ್ಟ್ರೇ, ನಮ್ಮ ಮನೆಯವರು ಯಾರನ್ನ ನೆನೆಸ್ಕೊಂಡು ಹಾಡ್ತಾರೆ?"

ಮೇಷ್ಟ್ರ ಕಣ್ಣು ಇಕ್ಕಳದ ಮೇಲೇ ಇತ್ತು. "ಹೇ… ಹೇಳ…ಆರದು…"

"ಹೇಳಬಾರದಾ? ಬಾಯಿ ನನ್ನ ಕೈಯಲ್ಲಿದೆ, ಹೇಳಿಬಿಡಿ."

ಮೇಷ್ಟ್ರು ನಾಲಿಗೆ ಹೊರಳಿಸಿ ಒದ್ದಾಡಿದರು. ಕೊನೆಗೆ ಹತ್ತಿಯ ಸಂದಿಯಿಂದ ಒಂದೇ ಮಾತು ಹೊರಬಿತ್ತು: "ನ…ನ್ನೇ!"

ನನ್ನೇ! ಎಷ್ಟು ಧೈರ್ಯ! ಗಂಡನ ಕುರ್ಚಿಯಲ್ಲೇ ಮಲಗಿ, ಗಂಡನ ದೀಪದ ಬೆಳಕಲ್ಲೇ ಒಪ್ಪಿಕೊಳ್ಳುವುದೆಂದರೆ! ಡಾಕ್ಟರರು ಹಲ್ಲು ಕಚ್ಚಿಕೊಂಡು (ತಮ್ಮದನ್ನು) ಮೇಷ್ಟ್ರ ಹಲ್ಲನ್ನು ಕಿತ್ತರು. ಹುಳುಕು ಹಲ್ಲನ್ನೇ ಕಿತ್ತರು ಅನ್ನುವುದೊಂದೇ ಅವರ ವೃತ್ತಿಧರ್ಮಕ್ಕೆ ಸಲ್ಲಬೇಕಾದ ಗೌರವ.

ಮರುದಿನ ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಡಾಕ್ಟರು, ಪಕ್ಕದಲ್ಲಿ ತಾಯಿ. ಹೆಂಡತಿ ನೀಲಿ ಸೀರೆಯಲ್ಲಿ ಬಂದು ನಿಂತಳು. ಊದಿದ ಕೆನ್ನೆಯ ಮೇಷ್ಟ್ರು ಪಿಯಾನೋ ಮುಟ್ಟಿದರು. ಗುಟ್ಟು ಹೇಳಿದ ಹಾಗೆ ಹಾಡು ಶುರುವಾಯಿತು. ಗಿಟಾರು ಬಂತು, ಡ್ರಮ್ಮು ಧಡಾರನೆ ಬಿತ್ತು. ಡಾಕ್ಟರರ ಎದೆಯೊಳಗೂ ಅದೇ ತಾಳ. ತಾಯಿ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಥಟ್ಟನೆ ಎಲ್ಲ ವಾದ್ಯಗಳೂ ನಿಂತವು. ಸೂಜಿ ಬಿದ್ದರೂ ಕೇಳಿಸುವ ಮೌನ. ಡಾಕ್ಟರರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದರು:

"ಯಾರೇ ಅವನು? ಹೇಳೇ!"

ಹೆಂಡತಿ ಒಂದು ಕ್ಷಣ ಬೆಚ್ಚಿದಳು. ಮರುಕ್ಷಣ ಮುಷ್ಟಿ ಮೇಲೆದ್ದಿತು, ತೋರುಬೆರಳು ನೇರವಾಗಿ ಗಂಡನ ನುಣುಪು ತಲೆಯ ಕಡೆ ಚಾಚಿತು, ಶ್ರುತಿ ಒಂದಲ್ಲ ಎರಡು ಮೆಟ್ಟಿಲು ಏರಿತು. "ಬಂದುಬಿಡೂ…!" ಡ್ರಮ್ಮು ಮತ್ತೆ ಅಪ್ಪಳಿಸಿತು. ಇದೂ ಹಾಡಿನ ಭಾಗವೇ ಎಂದುಕೊಂಡ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಡಾಕ್ಟರರು ಗುಡುಗಿದರು. "ಬೆರಳು ನನ್ನ ಕಡೆ, ಮನಸ್ಸು ಮೇಷ್ಟ್ರ ಕಡೆ! ನಿನ್ನೆ ಹಲ್ಲು ಕೀಳಿಸ್ಕೊಳ್ಳೋವಾಗ ಅವರೇ ಬಾಯಿಬಿಟ್ಟು 'ನನ್ನೇ' ಅಂದ್ರು, ಗೊತ್ತಾ?"

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ರೀ, ತುಟಿ ಮರಗಟ್ಟಿ ಬಾಯಲ್ಲಿ ಹತ್ತಿ ಇದ್ದವರಿಗೆ 'ನಿ' ನೆಟ್ಟಗೆ ಬರುತ್ತಾ, 'ಮ' ಅಕ್ಷರ ಹೊರಡುತ್ತಾ? ಹಲ್ಲಿನ ಡಾಕ್ಟರಾಗಿ ಅಷ್ಟು ಗೊತ್ತಾಗ್ಲಿಲ್ವಾ? ಪಾಪ, ಅವರು ಹೇಳಿದ್ದು 'ನಿಮ್ಮನ್ನೇ' ಅಂತ!"

ಡಾಕ್ಟರರು ತುಟಿ ಕೂಡಿಸದೆ ಮೆತ್ತಗೆ ಆ ಮಾತನ್ನು ಹೇಳಿ ನೋಡಿದರು. ನಿಜ, 'ಮ' ಹೊರಡಲಿಲ್ಲ. ಅವರ ಮುಖ ಪೂರ್ತಿ ಅರಳಿತು. "ಅಂದ್ರೆ… ನನ್ನನ್ನಾ?"

"ನಿಮ್ಮನ್ನೇ. ಮದುವೆಗೆ ಮುಂಚಿನ ನಿಮ್ಮನ್ನ."

ಅರಳಿದ ಮುಖ ಅರ್ಧಕ್ಕೇ ನಿಂತಿತು. "ಅಂಥಾದ್ದೇನಿತ್ತು ಅವನಲ್ಲಿ? ಸ್ವಂತ ಕ್ಲಿನಿಕ್ ಇತ್ತಾ?"

"ಇರ್ಲಿಲ್ಲ. ಆದರೆ ನಾನು ಹಾಡಿದ್ರೆ ಗೋಳು ಅಂತಿರ್ಲಿಲ್ಲ. ಇನ್ನೊಂದ್ಸಲ ಹಾಡು ಅಂತ ಕಾಡ್ತಿದ್ದ. ಕೇಳ್ತಾ ಕೇಳ್ತಾ ಹಲ್ಲುಜ್ಜೋದನ್ನೂ ಮರೀತಿದ್ದ."

ಡಾಕ್ಟರರಿಗೆ ಆ ಹುಡುಗನ ಮೇಲೆ ಮೈಯೆಲ್ಲ ಉರಿಯಿತು. ಮೇಷ್ಟ್ರಾಗಿದ್ದರೆ ಇನ್ನೊಂದು ಹಲ್ಲು ಕೀಳಬಹುದಿತ್ತು. ಇವನನ್ನು ಯಾವ ಕುರ್ಚಿಯಲ್ಲಿ ಕೂರಿಸುವುದು? ಒಮ್ಮೆ ಗಂಟಲು ಸರಿಮಾಡಿಕೊಂಡು, ಸಾಧ್ಯವಾದಷ್ಟು ಮೆತ್ತಗೆ ಹೇಳಿದರು: "ಹೋಗ್ಲಿ, ಇನ್ನೊಂದ್ಸಲ ಹಾಡೇ. ನಾನು ಕೇಳ್ತೀನಿ."

"ಗಂಟಲು ಬಿದ್ದುಹೋಗಿದೆ ರೀ," ಎನ್ನುತ್ತ ಹೆಂಡತಿ ಬಿಸಿನೀರು ಕಾಯಿಸಲು ಒಳಗೆ ಹೋದಳು.

ಡಾಕ್ಟರರು ಆಸರೆಗಾಗಿ ತಾಯಿಯ ಮುಖ ನೋಡಿದರು. ತಾಯಿ ಸೋಫಾದಲ್ಲಿ ಕೂತು ಇನ್ನೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಮಗನ ಕಡೆ ತಿರುಗಿಯೂ ನೋಡದೆ, ಅಡುಗೆಮನೆಗೆ ಕೇಳುವಂತೆ ನಿಟ್ಟುಸಿರು ಬಿಟ್ಟು ಹೇಳಿದರು:

"ನಿಜ ಕಣಮ್ಮ. ಬಹಳ ಒಳ್ಳೇ ಹುಡುಗ ಆಗಿದ್ದ ಅವನು."