ಒಂದೇ ಕಣ್ಣಿನ ಅಳು

ನಮ್ಮವರು, ವಿಲ್ಸನ್, ತೀರಿಕೊಳ್ಳುವ ಹಿಂದಿನ ದಿನ ನಾವಿಬ್ಬರೂ ಒಂದು ಟವೆಲ್ಲಿಗಾಗಿ ಜಗಳವಾಡಿದೆವು. ಒಮಾನಿನ ಇಬ್ರಿಯಲ್ಲಿ ಅದು ಕೆಂಗಣ್ಣಿನ ಕಾಲ. ನಾನು ನರ್ಸ್ ಆಗಿರುವ ಸಣ್ಣ ಕ್ಲಿನಿಕ್ಕಿಗೆ ಅಂದು ಬಂದವರೆಲ್ಲ ಕಪ್ಪು ಕನ್ನಡಕದಲ್ಲೇ ಬಂದಿದ್ದರು. ಕಾಯುವ ಕೋಣೆ ಗೂಢಚಾರರ ಸಮ್ಮೇಳನದಂತೆ ಕಾಣುತ್ತಿತ್ತು. ಸಂಜೆ ಮನೆ ಸೇರಿದವಳೇ ವಿಲ್ಸನ್‌ಗೆ ಪಾಠ ಶುರುಮಾಡಿದೆ. ನನ್ನ ಟವೆಲ್ ಮುಟ್ಟಬೇಡಿ, ದಿಂಬು ಬೇರೆ ಮಾಡಿಕೊಳ್ಳಿ, ಕಣ್ಣು ಉಜ್ಜಬೇಡಿ. ಅವರು ಬಂಗುಡೆ ಹುರಿಯುತ್ತಿದ್ದರು. ಊರಿನವರ ಕಣ್ಣನ್ನೆಲ್ಲ ಮುಟ್ಟಿ ಬಂದವಳು ನೀನು, ಗಡಿಪಾರು ನನಗಾ ಎಂದು ಕೇಳಿದರು. ಜಗಳ ತೀರ್ಮಾನವಾಗಲಿಲ್ಲ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಕಾರಿನ ಬಾಗಿಲು ತೆಗೆಯುತ್ತಿದ್ದಂತೆ ಕುಸಿದುಬಿಟ್ಟರು. ಹೃದಯ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಹೇಳಲು ಹೊರಟದ್ದು ಕಣ್ಣಿನ ವಿಷಯ, ಮತ್ತು ಕಣ್ಣಿನ ವಿಷಯ ಬಂದರೆ ನನಗೆ ಈಗಲೂ ಉತ್ಸಾಹ ತಡೆಯಲಾಗುವುದಿಲ್ಲ.

ಕಣ್ಣಿನಷ್ಟು ಮನೆಮದ್ದು ತಿಂದ ಅಂಗ ದೇಹದಲ್ಲಿ ಇನ್ನೊಂದಿಲ್ಲ. ಹಲ್ಲು ನೋವಿಗೆ ಒಂದು ಲವಂಗ, ಹೊಟ್ಟೆ ನೋವಿಗೆ ಒಂದು ಚಿಟಿಕೆ ಓಮ, ಅಲ್ಲಿಗೆ ಮುಗಿಯಿತು. ಕಣ್ಣಿಗಾದರೆ ಮೊದಲು ಜೇನು, ಆಮೇಲೆ ಆರಿದ ಚಹಾ, ಗುಲಾಬಿ ನೀರು, ಸುರುಮ, ಪಕ್ಕದ ಮನೆಯ ಬಾಣಂತಿಯ ಹಾಲು. ಇದೆಲ್ಲ ಸೋತ ಮೇಲೆ ನಾವು. ನಮ್ಮ ಊರಿನ ಗಂಡಸರು ಒಟ್ಟಿಗೆ ವಾಸಿಸುವ ರೂಮುಗಳ ಕ್ರಮವೇ ಬೇರೆ. ಅಲ್ಲಿ ಎಲ್ಲರಿಗೂ ಸೇರಿ ಒಂದು ಫ್ರಿಜ್ಜು, ಒಂದು ಕುಕ್ಕರು, ಒಂದು ಶೀಶೆ ಕಣ್ಣಿನ ಹನಿ. ಒಬ್ಬನಿಗೆ ನಾವು ಬರೆದುಕೊಟ್ಟದ್ದನ್ನು ಅವನು ಒಬ್ಬನೇ ಹಾಕಿಕೊಂಡರೆ ಸ್ವಾರ್ಥಿ ಎನ್ನಿಸಿಕೊಳ್ಳುತ್ತಾನೆ. ಹಾಗಾಗಿ ಶೀಶೆಯ ಮೂತಿ ಎಲ್ಲರ ರೆಪ್ಪೆಗೂ ತಾಗಿ ಬರುತ್ತದೆ, ಮರುದಿನ ಇಡೀ ರೂಮೇ ನಮ್ಮಲ್ಲಿಗೆ ಬರುತ್ತದೆ. ಔದಾರ್ಯದಿಂದ ಹರಡುವ ಕಾಯಿಲೆಯನ್ನು ನಾನು ಕಂಡದ್ದು ಇದೊಂದೇ.

ಇಂಥವರನ್ನು ವಿಂಗಡಿಸಲು ನನ್ನದೊಂದು ಸರಳ ಸೂತ್ರವಿದೆ. ಎರಡೂ ಕಣ್ಣು ಕೆಂಪಾಗಿ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿದ್ದರೆ ಸೋಂಕು. ಎರಡೂ ಕಣ್ಣು ತುರಿಸಿ ಸೀನು ಬರುತ್ತಿದ್ದರೆ ಖರ್ಜೂರದ ಮರ ಹೂ ಬಿಟ್ಟಿದೆ ಎಂದರ್ಥ. ನೋವು ಜೋರಿದ್ದು ದೃಷ್ಟಿ ಮಂಜಾದರೆ ನಾವು ಕೈ ಹಾಕದೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ. ಒಂದೇ ಕಣ್ಣು ಚುಚ್ಚುತ್ತಾ ನೀರು ಸುರಿಸುತ್ತಿದ್ದರೆ ಒಳಗೆ ಏನೋ ಕೂತಿದೆ, ಸಿಗುವವರೆಗೆ ಹುಡುಕಬೇಕು. ಹೊಸದಾಗಿ ಸೇರುವ ನರ್ಸುಗಳಿಗೆಲ್ಲ ಇದನ್ನು ಗಿಣಿಪಾಠ ಮಾಡಿಸಿದವಳು ನಾನು.

ವಿಲ್ಸನ್‌ರನ್ನು ಊರಿಗೆ ಒಯ್ದು ಮಣ್ಣು ಮಾಡಿ ಹಿಂದಿರುಗಿದ ಮೇಲೆ ನನ್ನ ಕಣ್ಣಲ್ಲಿ ನೀರು ಸುರಿಯತೊಡಗಿತು. ಇಂಜೆಕ್ಷನ್ ಕೊಡುವಾಗ, ಬಿ.ಪಿ. ನೋಡುವಾಗ, ಕೆನ್ನೆಯ ಮೇಲೆ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಯಾರೂ ಏನೂ ಕೇಳಲಿಲ್ಲ. ಗಂಡ ಸತ್ತವಳ ಮುಖವನ್ನು ದಿಟ್ಟಿಸಬಾರದೆಂಬುದು ಎಲ್ಲ ದೇಶದವರೂ ಬಲ್ಲ ಮರ್ಯಾದೆ. ಪ್ರಾರ್ಥನಾಕೂಟದ ಹೆಂಗಸರು ಟಿಶ್ಯೂ ಡಬ್ಬಿಗಳನ್ನು ತಂದು ಪೇರಿಸಿದರು. ನಮ್ಮ ಡಾಕ್ಟರ್ ಹನಾ, ಈಜಿಪ್ಟಿನ ಒಳ್ಳೆಯ ಹೆಂಗಸು, ನಾನು ಎದುರಾದರೆ ಮೆಲ್ಲನೆ ಗೋಡೆಯ ಕಡೆ ತಿರುಗುತ್ತಿದ್ದರು. ನನಗೋ ಒಳಗೊಳಗೇ ಆಶ್ಚರ್ಯ. ನಿಜ ಹೇಳಬೇಕೆಂದರೆ ನಾನು ಅಳುತ್ತಿರಲಿಲ್ಲ. ಒಳಗೆ ಎಲ್ಲ ಒಣಗಿ ಕೂತಂತಿತ್ತು. ನನಗೇ ತಿಳಿಯದಂತೆ ದುಃಖ ಹೊರಗೆ ಹೋಗುತ್ತಿರಬೇಕು, ಹೋಗಲಿ ಪಾಪ ಎಂದುಕೊಂಡೆ.

ಕೊನೆಗೊಂದು ದಿನ ಡಾಕ್ಟರ್ ಹನಾ ಕರೆದು ಕೂರಿಸಿದರು. ರೋಗಿಗಳು ಹೆದರುತ್ತಿದ್ದಾರಂತೆ. ಸೂಜಿ ಹಿಡಿದ ನರ್ಸ್ ಅಳುತ್ತಿದ್ದರೆ ತಮಗೆ ಏನೋ ದೊಡ್ಡದೇ ಆಗಿದೆ ಎಂದುಕೊಳ್ಳುತ್ತಾರಂತೆ. ಈ ತಿಂಗಳಿಗೆ ಕೆಲಸ ಖಲಾಸ್, ಊರಿಗೆ ಹೋಗು, ಅತ್ತು ಮುಗಿಸು ಎಂದು ಕೈ ಹಿಡಿದು ಹೇಳಿದರು. ನನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ, ವೀಸಾ ರದ್ದಾಗುತ್ತದೆ. ಊರಿನಲ್ಲಿರುವುದು ವಿಲ್ಸನ್‌ರ ಸಮಾಧಿ. ಅವರು ನನ್ನ ಜೊತೆ ಬದುಕಿದ್ದೆಲ್ಲ ಇಬ್ರಿಯಲ್ಲಿ, ಇಲ್ಲಿಯ ಮೀನಿನ ಮಾರುಕಟ್ಟೆಯಲ್ಲಿ, ಇಲ್ಲಿಯ ಅಡುಗೆಮನೆಯಲ್ಲಿ. ಇದನ್ನು ಬಿಟ್ಟು ಹೋಗೆಂದರೆ ಹೇಗೆ? ಆದರೂ ತಲೆಯಾಡಿಸಿದೆ. ತಲೆಯಾಡಿಸಿದಾಗಲೂ ನೀರು ತೊಟ್ಟಿಕ್ಕಿತು, ಅವರ ಮಾತಿಗೆ ಸಾಕ್ಷಿ ಹೇಳಿದಂತೆ.

ಅದೇ ವಾರ ಹಮೀದ್ ಬ್ಯಾರಿಗಳು ಬಂದರು. ಬಂಟ್ವಾಳದ ಕಡೆಯವರು, ಇಲ್ಲಿಯವರು ಸೂಕ್ ಎನ್ನುವ ಪೇಟೆಯ ಹತ್ತಿರ ದಿನಸಿ ಅಂಗಡಿ. ಎಡಗಣ್ಣು ಟೊಮೆಟೊದಂತಾಗಿತ್ತು. ಅಂಗಡಿಯವರೆಲ್ಲ ಕೆಂಗಣ್ಣು ಎಂದು ತೀರ್ಮಾನಿಸಿ ತಮ್ಮ ತಮ್ಮ ಶೀಶೆಗಳಿಂದ ಉಪಚಾರ ಮಾಡಿದ್ದರು. ಕೇಳಿದರೆ, ಹಿಂದಿನ ದಿನ ಶೆಲ್ಫಿಗೆಂದು ತಾವೇ ಕೂತು ಕಬ್ಬಿಣದ ಪಟ್ಟಿ ಕೊಯ್ದಿದ್ದರಂತೆ. ಕನ್ನಡಕ ಹಾಕಿಕೊಂಡಿದ್ದಿರಾ ಎಂದರೆ, ಹಾಕಿದ್ದೆ, ಸೆಕೆಗೆ ಹಣೆಯ ಮೇಲೆ ಏರಿಸಿದ್ದೆ ಎಂದರು. ಮೊದಲು ಗೋಡೆಯ ಅಕ್ಷರ ಓದಿಸಿದೆ; ದೃಷ್ಟಿ ಸರಿಯಿತ್ತು. ಕೆಳಗೆ ನೋಡಲು ಹೇಳಿ, ಮೇಲಿನ ರೆಪ್ಪೆಗೂದಲು ಹಿಡಿದು, ಹತ್ತಿಕಡ್ಡಿಯ ಮೇಲೆ ರೆಪ್ಪೆಯನ್ನು ಮಗುಚಿದೆ. ಇತ್ತು! ರೆಪ್ಪೆಯ ಒಳಗೋಡೆಗೆ ಅಂಟಿಕೊಂಡ ಎಳ್ಳಿಗಿಂತ ಸಣ್ಣ ಕರಿ ಚೂರು. ಒದ್ದೆ ಹತ್ತಿಯಿಂದ ಒರೆಸಿ ತೆಗೆದು ತೋರಿಸಿದಾಗ ನನಗೆ ಮುತ್ತು ತೆಗೆದಷ್ಟು ಖುಷಿ.

ಖುಷಿಯಲ್ಲಿ ಉಪದೇಶಕ್ಕಿಳಿದೆ. "ನೆನಪಿಡಿ ಬ್ಯಾರಿಗಳೇ, ಕೆಂಗಣ್ಣು ಹೆಚ್ಚಾಗಿ ಎರಡೂ ಕಡೆಗೆ ಹಬ್ಬುತ್ತದೆ. ಒಂದೇ ಕಣ್ಣು ನೀರು ಸುರಿಸಿದರೆ ಒಳಗೆ ಏನೋ ಉಂಟು ಅಂತಲೇ ಲೆಕ್ಕ."

ಅವರು ಎರಡೂ ಕಣ್ಣು ಅರಳಿಸಿ ನನ್ನನ್ನೇ ನೋಡಿದರು. ಅಷ್ಟು ದಿನಗಳಲ್ಲಿ ನನ್ನ ಮುಖವನ್ನು ಸರಿಯಾಗಿ ನೋಡಿದವರು ಅವರೊಬ್ಬರೇ. ಕಣ್ಣು ಆಗ ತಾನೇ ಸರಿಯಾಗಿತ್ತಲ್ಲ.

"ಬಾಯಮ್ಮ, ನೀವು ಬೇಸರ ಮಾಡ್ಬೇಡಿ," ಎಂದರು. "ನಿಮ್ದು ಸಹ ಬಲಗಣ್ಣು ಮಾತ್ರ ಅಳುದಲ್ವಾ?"

ಹತ್ತಿಕಡ್ಡಿ ಕೈಯಲ್ಲೇ ಉಳಿಯಿತು. ಕನ್ನಡಿಯ ಬಳಿಗೆ ಓಡಿದೆ. ಎಡಗೆನ್ನೆ ಒಣ ಮರಳುಗಾಡು. ಬಲಗೆನ್ನೆ, ಮಳೆ ಬಿದ್ದಾಗ ಇಲ್ಲಿಯ ವಾದಿಯ ಒಣಹಳ್ಳದಲ್ಲಿ ನೀರು ಬಂದ ಹಾಗೆ. ಎಲ್ಲರ ಕಣ್ಣೂ ನೋಡಿದವಳಿಗೆ ತನ್ನದು ಕಾಣಲಿಲ್ಲ. ಬಾಗಿಲು ತಟ್ಟುವ ಶಿಷ್ಟಾಚಾರವನ್ನೂ ಮರೆತು ಡಾಕ್ಟರ್ ಹನಾರ ಕೋಣೆಗೆ ನುಗ್ಗಿದೆ. "ಡಾಕ್ಟರ್, ನಾನು ಅಳುತ್ತಿಲ್ಲ. ದಯವಿಟ್ಟು ನನ್ನ ಮುಖ ನೋಡಿ."

ಅವರು ಕಣ್ಣಿಗೆ ಬಣ್ಣ ಬಿಡುವ ಕಾಗದದ ಪಟ್ಟಿ ತಾಗಿಸಿ, ನೀಲಿ ದೀಪ ಹಿಡಿದು, ಬಹಳ ಹತ್ತಿರ ಬಂದು ನೋಡಿದರು. ಕೆಳರೆಪ್ಪೆಯ ಒಂದು ಕೂದಲು ಹೊರಗೆ ಬೆಳೆಯುವುದನ್ನು ಬಿಟ್ಟು ಒಳಗೆ ಬಾಗಿ ಪ್ರತಿ ಮಿಟುಕಿಗೂ ಕಣ್ಣನ್ನು ಗೀರುತ್ತಿತ್ತು. ಗೀರಿದ ಜಾಗ ದೀಪದಲ್ಲಿ ಹಸಿರಾಗಿ ಹೊಳೆಯಿತಂತೆ. ಚಿಮಟದಿಂದ ಕಿತ್ತರು. ಮುಗಿಯಿತು. ನನ್ನ ವೈಧವ್ಯದ ಇಡೀ ಪ್ರದರ್ಶನ ಒಂದು ಕೂದಲಿನ ಮೇಲೆ ನಿಂತಿತ್ತು. ಡಾಕ್ಟರ್ ನಕ್ಕರು, ನಕ್ಕದ್ದಕ್ಕೆ ಕ್ಷಮೆ ಕೇಳಿದರು, ಮತ್ತೆ ನಕ್ಕರು. ಆಮೇಲೆ ಕನ್ನಡಕ ಒರೆಸುತ್ತಾ, ಹೊರಗೆ ರೋಗಿಗಳು ಕಾಯುತ್ತಿದ್ದಾರೆ, ಯಲ್ಲಾ, ಕೆಲಸ ನೋಡು ಎಂದರು. ಊರಿಗೆ ಹೋಗುವ ಮಾತು ಅಲ್ಲಿಗೆ ಸತ್ತಿತು. ಆ ದಿನವಿಡೀ ನಾನು ಕಾರಿಡಾರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೂದಲು, ಕೂದಲು ಎಂದು ಹೇಳುತ್ತಾ ತಿರುಗಿದೆ. ದುಃಖ ವಾಸಿಯಾಗುವುದರ ಬದಲು ತಲೆ ಕೆಟ್ಟಿತು ಎಂದು ಕೆಲವರು ತಿಳಿದಿರಲೂ ಸಾಕು.

ಗೀರು ಮಾಯಲು ಡಾಕ್ಟರ್ ಹನಿ ಕೊಟ್ಟಿದ್ದಾರೆ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಎಳೆದು, ಶೀಶೆ ತಾಗಿಸದೆ ಒಂದೇ ಹನಿ: ಜನರಿಗೆ ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಮನೆಯಲ್ಲಿ ಮಂಚದ ಮೇಲೆ ಮಲಗಿ ಶೀಶೆ ಎತ್ತುತ್ತೇನೆ. ಹನಿ ಬೀಳುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ಒಂದು ಹುಬ್ಬಿಗೆ, ಒಂದು ಮೂಗಿಗೆ, ಒಂದು ನೇರ ಕಿವಿಗೆ. ಯಾರಾದರೂ ರೆಪ್ಪೆ ಹಿಡಿದುಕೊಂಡರೆ ಕ್ಷಣದ ಕೆಲಸ. ಮನೆಯಲ್ಲಿ ಇನ್ನೊಬ್ಬರು ಇಲ್ಲ.